ಶಾನುಭೋಗರ ಕಡತದಿಂದ ಹತ್ತು ರೂಪಾಯಿ ಅರ್ಜಿಗೆ

ನಮ್ಮ ಅಜ್ಜಂದಿರ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಮನೇಲಿರ್ತಿತ್ತು. ಭೂಮಿ ಉಳುವವನು ನಮ್ಮ ಕೇರಿಯವನು. ಅದು ಯಾರ ಹೆಸರಲ್ಲಿದೆ ಅಂತ ಓದಬಲ್ಲವನು ಶಾನುಭೋಗ. ವಂಶಪಾರಂಪರ್ಯದ ಆ ಹುದ್ದೆಯನ್ನು 1961ರ ಕಾಯ್ದೆ ತೆಗೆದುಹಾಕಿತು. ಕಡತ ಕಛೇರಿಗೆ ಬಂತು, ಬಾಗಿಲು ಮಾತ್ರ ತೆರೆಯಲಿಲ್ಲ. ಬ್ರಿಟಿಷರ 1923ರ ಸರ್ಕಾರಿ ರಹಸ್ಯಗಳ ಕಾಯ್ದೆ ಸ್ವಾತಂತ್ರ್ಯದ ನಂತರವೂ ಉಳಿಯಿತು. ದಲಿತರಿಗೆ, ಆದಿವಾಸಿಗಳಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ 1978ರಲ್ಲಿ ಬಂತು. ಮಂಜೂರಾತಿಯ ಕಾಗದವೇ ಸಿಗದಿದ್ದರೆ ಕಳೆದ ಭೂಮಿ ಕೇಳೋದು ಹೇಗೆ?

ರಾಜಸ್ಥಾನದ ಕೂಲಿಕಾರರು 1994ರಿಂದ ಹಾಜರಿಪಟ್ಟಿಗಳನ್ನು ಜನರ ಮುಂದೆ ಓದಿಸಿದರು. ಕೊಡದ ಕೂಲಿಯನ್ನು ಕೊಟ್ಟಂತೆ ಬರೆದು ನುಂಗಿದ್ದು ಬಯಲಾಯಿತು. ಕರ್ನಾಟಕ 2000ದಲ್ಲೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತು. ದೇಶದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಜಾರಿಯಾಯಿತು.

ಈಗ ಉದಯಗಿರಿಯ ಕೂಲಿ ಹೆಂಗಸೂ ಆಹಾರ ಇಲಾಖೆಗೆ ಅರ್ಜಿ ಹಾಕಿ ರೇಷನ್ ಅಂಗಡಿಯ ಲೆಕ್ಕ ಕೇಳಬಹುದು. ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಯ ಕೆಳಗಿದ್ದರೆ ಅದೂ ಇಲ್ಲ. ಬರೆಯಲು ಬಾರದಿದ್ದರೆ ಅಧಿಕಾರಿಯೇ ನೆರವಾಗಬೇಕು. 30 ದಿನದೊಳಗೆ ಉತ್ತರ; ಸಕಾರಣವಿಲ್ಲದೆ ತಡಮಾಡಿದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿ ದಂಡ.

2008ರಲ್ಲಿ ರಾಜ್ಯ ಸರ್ಕಾರ ಅರ್ಜಿಯನ್ನು ಒಂದು ವಿಷಯಕ್ಕೆ, 150 ಪದಕ್ಕೆ ಕಟ್ಟಿಹಾಕಿತು. ಕಟ್ಟಲಿ. 'ನನ್ನ ಭೂಮಿಯ ಕಾಗದ ತೋರಿಸಿ' ಅನ್ನೋಕೆ ನಾಲ್ಕೇ ಪದ ಸಾಕು.