ಡೈಪರ್ ಬದಲಾವಣೆ

ಡೈಪರ್ ಬದಲಾವಣೆಯು ಶಿಶುವಿನ ಮಲಮೂತ್ರಗಳಿಂದ ತೊಯ್ದ ಒಳವಸ್ತ್ರವನ್ನು ತೆಗೆದು, ಚರ್ಮವನ್ನು ಶುಚಿಗೊಳಿಸಿ, ಒಣಗಿದ ಮತ್ತೊಂದು ವಸ್ತ್ರವನ್ನು ತೊಡಿಸುವ ದೈನಂದಿನ ಆರೈಕೆಯಾಗಿದೆ. ಈ ಉದ್ದೇಶಕ್ಕೆ ಬಳಸುವ ಬಟ್ಟೆಯನ್ನು ಕನ್ನಡದಲ್ಲಿ ಲಂಗೋಟಿ ಎಂದು ಕರೆಯುತ್ತಾರೆ. ಕಾರ್ಖಾನೆಯಲ್ಲಿ ತಯಾರಾಗುವ, ತೇವವನ್ನು ಹೀರುವ ಪದರವುಳ್ಳ ಚಡ್ಡಿಗೆ ಡೈಪರ್ ಅಥವಾ ನ್ಯಾಪಿ ಎಂಬ ಹೆಸರು ಬಳಕೆಯಲ್ಲಿದೆ. ನವಜಾತ ಶಿಶುವಿಗೆ ದಿನವೊಂದಕ್ಕೆ 10ರಿಂದ 12 ಬಾರಿ ಇದನ್ನು ಬದಲಾಯಿಸಬೇಕಾಗಬಹುದು. ಮೊದಲ ತಿಂಗಳುಗಳಲ್ಲಿ ಸುಲಭವಾಗಿರುವ ಈ ಕೆಲಸವು ಮಗು ಮಗುಚಿಕೊಳ್ಳಲು ಕಲಿತ ನಂತರ ಕಠಿಣವಾಗುತ್ತದೆ. ಆಗ ಮಗು ಎತ್ತರದಿಂದ ಬೀಳುವ ಅಪಾಯವಿರುತ್ತದೆ. ಅವಸರದಲ್ಲಿ ಶುಚಿತ್ವ ಅರೆಬರೆಯಾಗಿ ಚರ್ಮದಲ್ಲಿ ದದ್ದು ಏಳುವ ಸಂಭವವೂ ಉಂಟು.

ಚಡಪಡಿಕೆಗೆ ಕಾರಣಗಳು

ಶಿಶುಗಳು ಸಾಮಾನ್ಯವಾಗಿ 4ರಿಂದ 6 ತಿಂಗಳ ವಯಸ್ಸಿನಲ್ಲಿ ಮಗುಚಿಕೊಳ್ಳುತ್ತವೆ. ಬಳಿಕ ಅಂಬೆಗಾಲಿಡುತ್ತವೆ, ವರ್ಷ ತುಂಬುವ ಹೊತ್ತಿಗೆ ಅನೇಕ ಮಕ್ಕಳು ಆಸರೆ ಹಿಡಿದು ನಿಲ್ಲುತ್ತವೆ. ಈ ಹಂತದಲ್ಲಿ ಬೆನ್ನ ಮೇಲೆ ಅಲುಗದೆ ಮಲಗಿರುವುದು ಮಗುವಿಗೆ ನಿರ್ಬಂಧವೆನಿಸುತ್ತದೆ. ಆದುದರಿಂದ ಒದ್ದಾಟವು ಹಟದ ಗುರುತಲ್ಲ, ಬೆಳವಣಿಗೆಯ ಸಹಜ ಲಕ್ಷಣ. ಹಸಿವು, ನಿದ್ದೆ, ಆಟಕ್ಕೆ ಭಂಗ, ಒರೆಸುವ ಬಟ್ಟೆಯ ತಂಪು ಹಾಗೂ ದದ್ದಿನ ಉರಿ ಇದನ್ನು ಹೆಚ್ಚಿಸುತ್ತವೆ. ಕಾಲು ಎತ್ತಿದಾಗಲೆಲ್ಲ ಮಗು ನೋವಿನಿಂದ ಚೀರಿದರೆ ಅಥವಾ ಒಂದು ಕಾಲನ್ನು ಆಡಿಸದೆ ಇದ್ದರೆ ವೈದ್ಯರಿಗೆ ತೋರಿಸಬೇಕು.

ಪೂರ್ವಸಿದ್ಧತೆ

ಕೆಲಸ ಬೇಗ ಮುಗಿದಷ್ಟೂ ಮಗುವಿನ ಪ್ರತಿರೋಧ ಕಡಿಮೆ. ಹೊಸ ಡೈಪರ್, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆ, ಒಣ ಬಟ್ಟೆ, ಮುಲಾಮು ಹಾಗೂ ಬದಲಿ ಉಡುಪು ಮೊದಲೇ ಕೈಗೆಟುಕುವಂತಿರಬೇಕು. ಹೊಸ ಡೈಪರನ್ನು ಬಿಚ್ಚಿ, ಹರಡಿ ಇಡುವುದು ಒಳ್ಳೆಯದು. ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಮಗು ಬೆಚ್ಚಿಬೀಳುವುದಿಲ್ಲ. ಸಾಧ್ಯವಿದ್ದಲ್ಲಿ ಮಗುವಿನ ಆಟ ಒಂದು ಹಂತಕ್ಕೆ ಬರುವವರೆಗೆ ಕೆಲವು ನಿಮಿಷ ಕಾಯಬಹುದು, ಮಲವಿಸರ್ಜನೆಯಾಗಿದ್ದರೆ ತಡಮಾಡಬಾರದು.

ವಿಧಾನ

1. ಹಳೆಯ ಡೈಪರನ್ನು ಬಿಚ್ಚುವ ಮೊದಲೇ ಹೊಸದನ್ನು ಅದರ ಅಡಿಯಲ್ಲಿ ಸೇರಿಸಲಾಗುತ್ತದೆ. ಇದರಿಂದ ಮಗುವನ್ನು ಪದೇಪದೇ ಎತ್ತುವ ಅಗತ್ಯ ಬೀಳುವುದಿಲ್ಲ.
2. ಹಳೆಯದರ ಮುಂಭಾಗದಿಂದ ಹೆಚ್ಚಿನ ಮಲವನ್ನು ಒರೆಸಿ, ಅದನ್ನು ಒಳಮುಖವಾಗಿ ಮಡಚಿ ಮಗುವಿನ ಕೆಳಗೆ ಇಡಲಾಗುತ್ತದೆ.
3. ಚರ್ಮದ ಮಡಿಕೆಗಳನ್ನು ಬಿಡಿಸಿ ಶುಚಿಗೊಳಿಸಲಾಗುತ್ತದೆ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ಒರೆಸುವುದು ಮುಖ್ಯ. ಇದು ಗುದದ್ವಾರದ ಬ್ಯಾಕ್ಟೀರಿಯಾಗಳು ಮೂತ್ರನಾಳವನ್ನು ಸೇರದಂತೆ ತಡೆಯುತ್ತದೆ.
4. ಹಳೆಯದನ್ನು ಎಳೆದು ತೆಗೆದು, ಚರ್ಮ ಒಣಗಿದ ಮೇಲೆ ಹೊಸದನ್ನು ಬಿಗಿಸಲಾಗುತ್ತದೆ. ಕೊನೆಯಲ್ಲಿ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

ಮಗು ಹೊರಳಿದರೆ ಬಲವಂತವಾಗಿ ಅದುಮಿ ಹಿಡಿಯುವುದು ಪ್ರತಿರೋಧವನ್ನು ಹೆಚ್ಚಿಸುತ್ತದೆ. ಬದಲಾಗಿ ಮಗ್ಗುಲಾಗಿಯೇ ಒರೆಸಿ, ನಂತರ ಬೆನ್ನ ಮೇಲೆ ತಿರುಗಿಸಬಹುದು. ಆಸರೆ ಹಿಡಿದು ನಿಲ್ಲಬಲ್ಲ ಮಗುವಿಗೆ, ಮೂತ್ರದಿಂದ ಮಾತ್ರ ಒದ್ದೆಯಾಗಿದ್ದಲ್ಲಿ, ಚಡ್ಡಿಯಂತೆ ಏರಿಸುವ ಡೈಪರನ್ನು ನಿಂತಂತೆಯೇ ತೊಡಿಸಬಹುದು. ಗಿಲಕಿ, ಹಾಡು, ಮುಖ ಮುಚ್ಚಿ ತೆರೆಯುವ ಆಟ ಗಮನವನ್ನು ಹಿಡಿದಿಡುತ್ತವೆ. ಆಟಿಕೆಯನ್ನು ಈ ಸಮಯಕ್ಕೆಂದೇ ಮೀಸಲಿಟ್ಟರೆ ಅದರ ಆಕರ್ಷಣೆ ಬೇಗ ಮಾಸುವುದಿಲ್ಲ.

ಪಿಕ್ಲರ್ ದೃಷ್ಟಿ

ಹಂಗೇರಿಯ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ (1902–1984) 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಶಿಶುಗೃಹವೊಂದನ್ನು ಆರಂಭಿಸಿದರು. ಉಣಿಸುವುದು, ಮೀಯಿಸುವುದು ಮತ್ತು ಡೈಪರ್ ಬದಲಾಯಿಸುವುದು ಶಿಶು ಹಾಗೂ ಪಾಲಕರ ನಡುವೆ ಬಾಂಧವ್ಯ ಬೆಳೆಯುವ ಮುಖ್ಯ ಸಂದರ್ಭಗಳೆಂದು ಅವರು ಪರಿಗಣಿಸಿದರು. ಈ ಪದ್ಧತಿಯಲ್ಲಿ ಪ್ರತಿ ಹೆಜ್ಜೆಯನ್ನೂ ಮಗುವಿಗೆ ಮೊದಲೇ ಹೇಳಿ, ಅದರ ಪ್ರತಿಕ್ರಿಯೆಗೆ ಕಾದು, ಸಹಕಾರವನ್ನು ಕೋರಲಾಗುತ್ತದೆ. ಗಮನವನ್ನು ಬೇರೆಡೆಗೆ ಸೆಳೆಯುವುದಕ್ಕಿಂತ ಮಗುವನ್ನು ಕೆಲಸದಲ್ಲಿಯೇ ತೊಡಗಿಸಿಕೊಳ್ಳುವುದು ಇದರ ವೈಶಿಷ್ಟ್ಯ.

ಸುರಕ್ಷತೆ

ಮೇಜು ಅಥವಾ ಮಂಚದ ಮೇಲೆ ಡೈಪರ್ ಬದಲಾಯಿಸುವಾಗ ಒಂದು ಕೈ ಸದಾ ಮಗುವಿನ ಮೇಲಿರಬೇಕು. ಇನ್ನೂ ಮಗುಚದ ಶಿಶುವೂ ಹಠಾತ್ತನೆ ಹೊರಳಬಹುದು. ಮರೆತ ವಸ್ತುವನ್ನು ತರಬೇಕಾದಲ್ಲಿ ಮಗುವನ್ನು ಎತ್ತಿಕೊಂಡೇ ಹೋಗಬೇಕು. ತುಂಬಾ ಚಡಪಡಿಸುವ ಮಗುವಿಗೆ ನೆಲದ ಮೇಲೆ ಹಾಸಿದ ಚಾಪೆಯೇ ಹೆಚ್ಚು ಸುರಕ್ಷಿತ. ಮುಲಾಮಿನ ಮುಚ್ಚಳದಂತಹ ಸಣ್ಣ ವಸ್ತುಗಳು ಗಂಟಲಲ್ಲಿ ಸಿಲುಕುವ ಸಾಧ್ಯತೆಯಿರುವುದರಿಂದ ಅವುಗಳನ್ನು ಮಗುವಿನ ಕೈಗೆ ಕೊಡಬಾರದು.

ಡೈಪರ್ ದದ್ದು

ತೇವ, ಘರ್ಷಣೆ ಮತ್ತು ಮಲಮೂತ್ರಗಳ ದೀರ್ಘ ಸಂಪರ್ಕದಿಂದ ಚರ್ಮ ಕೆಂಪಾಗುತ್ತದೆ. ಸತು ಆಕ್ಸೈಡ್ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ಚರ್ಮಕ್ಕೆ ರಕ್ಷಣಾ ಪದರವಾಗುತ್ತದೆ. ದಿನದಲ್ಲಿ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಬಿಡುವುದೂ ಸಹಾಯಕ. ಪೌಡರಿನ ಕಣಗಳು ಶ್ವಾಸಕೋಶವನ್ನು ಸೇರಬಹುದಾದ್ದರಿಂದ ಅದನ್ನು ಬಳಸದಿರುವುದು ಸೂಕ್ತ. ದದ್ದು ಕೆಲವು ದಿನಗಳಲ್ಲಿ ಕಡಿಮೆಯಾಗದಿದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರದ ಸೋಂಕಾಗಿರಬಹುದು. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕಾಗುತ್ತದೆ.

ಇತಿಹಾಸ

ಬಟ್ಟೆಯ ಡೈಪರ್‌ಗೆ ಚುಚ್ಚುತ್ತಿದ್ದ ಪಿನ್ನು ಒದ್ದಾಡುವ ಮಗುವಿಗೆ ಅಪಾಯಕಾರಿಯಾಗಿತ್ತು. ಅಮೆರಿಕದ ಮರಿಯನ್ ಡೊನೊವನ್ ಪಿನ್ನಿನ ಬದಲು ಒತ್ತುಗುಂಡಿಗಳಿದ್ದ ಜಲನಿರೋಧಕ ಹೊದಿಕೆಯನ್ನು ರೂಪಿಸಿ, 1951ರಲ್ಲಿ ಪೇಟೆಂಟ್ ಪಡೆದರು. 1961ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಿತು. 1970ರ ದಶಕದಲ್ಲಿ ಅಂಟುಪಟ್ಟಿಗಳು ಬಳಕೆಗೆ ಬಂದು, ಒಂದೇ ಕೈಯಿಂದ ಬಿಗಿಸುವುದು ಸುಲಭವಾಯಿತು.

ಕರ್ನಾಟಕದಲ್ಲಿ

ಕರ್ನಾಟಕದ ಮನೆಗಳಲ್ಲಿ ಹಳೆಯ ಹತ್ತಿ ಸೀರೆ ಮತ್ತು ಪಂಚೆಗಳ ಮೃದುವಾದ ತುಂಡುಗಳನ್ನು ಲಂಗೋಟಿಯಾಗಿ ಬಳಸುವ ರೂಢಿಯಿದೆ. ಇವುಗಳನ್ನು ಒಗೆದು ಬಿಸಿಲಿನಲ್ಲಿ ಒಣಗಿಸುತ್ತಾರೆ. ಬಾಣಂತನದ ಆರೈಕೆಯಲ್ಲಿ ಹಿರಿಯ ಮಹಿಳೆಯರು ನೆಲದ ಮೇಲೆ ಕಾಲು ಚಾಚಿ ಕುಳಿತು, ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸುವುದುಂಟು. ನೆಲಮಟ್ಟದಲ್ಲಿಯೇ ನಡೆಯುವ ಇಂತಹ ಆರೈಕೆಯಲ್ಲಿ ಮಗು ಎತ್ತರದಿಂದ ಬೀಳುವ ಭಯವಿರುವುದಿಲ್ಲ.