ಗುಜರಿಗೆ ಹೋಗಬೇಕಿದ್ದ ಡ್ರಿಲ್ಲಿಂಗ್ ಮಷೀನ್

ಇವತ್ತಿನ ಕಥೆ ಶುರುವಾಗೋದು ಬೆಂಗಳೂರಿನ ಪೀಣ್ಯದ ಒಂದು ಶೆಡ್‌ನಲ್ಲಿ. ಶೆಡ್ ಮುಚ್ತಾ ಇದ್ರು. ಲೇತ್ ಆಗಲೇ ಹೋಗಿತ್ತು. ಮೂಲೆಯಲ್ಲಿ ಉಳಿದಿದ್ದು ಒಂದೇ ಒಂದು ಡ್ರಿಲ್ಲಿಂಗ್ ಮಷೀನ್. ಬೀಡು ಕಬ್ಬಿಣದ ಮೈ, ಎಣ್ಣೆ ಕುಡಿದು ಕಪ್ಪಾದ ಹಸಿರು ಪೇಂಟ್, ಓದೋಕಾಗದಷ್ಟು ಸವೆದ ನೇಮ್‌ಪ್ಲೇಟ್.

"ಸಂಜೆ ಗುಜರಿಯವನು ಬರ್ತಾನೆ, ಕೆಜಿ ಲೆಕ್ಕಕ್ಕೆ ತಗೊಂಡು ಹೋಗ್ತಾನೆ. ನೀನು ಇದನ್ನ ಏನ್ಮಾಡ್ತೀಯಪ್ಪ?" ಅಂದ್ರು ಯಜಮಾನ್ರು.

ನನಗೆ ಮೈಕ್ ಸ್ಟ್ಯಾಂಡ್‌ಗಾಗಿ ಕಬ್ಬಿಣದ ಪಟ್ಟಿಗೆ ನೆಟ್ಟಗೆ ತೂತು ಕೊರೀಬೇಕಿತ್ತು, ಅಷ್ಟೇ. ಕೈ ಡ್ರಿಲ್‌ನಲ್ಲಿ ಕೊರೆದಿದ್ದೆಲ್ಲ ಸೊಟ್ಟ.

ನಾನು ಓದಿದ್ದು ಬಿ.ಕಾಂ. ಈಗಿನ ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ಯಂತ್ರಕ್ಕೆ ವರ್ಷಕ್ಕೆ 15% ಸವಕಳಿ, ಅದೂ ಉಳಿದ ಬೆಲೆಯ ಮೇಲೆ. ಈ ದರದಲ್ಲಿ 1 ಲಕ್ಷದ ಯಂತ್ರಕ್ಕೆ 40 ವರ್ಷ ಆದ್ಮೇಲೆ ಪುಸ್ತಕದಲ್ಲಿ ಉಳಿಯೋದು ಸುಮಾರು 150 ರೂಪಾಯಿ. ಲೆಕ್ಕದ ಪ್ರಕಾರ ಅದು ಸತ್ತ ಹಾಗೇ. ಆದ್ರೆ ಯಜಮಾನ್ರು ಸ್ಪಿಂಡಲ್ ಹಿಡಿದು ಅಲುಗಾಡಿಸಿ ತೋರಿಸಿದ್ರು. "ನೋಡು, ಕಾಲಮ್ ಗಟ್ಟಿ, ಟೇಬಲ್ ಬಿರುಕು ಬಿಟ್ಟಿಲ್ಲ. ಬೇರಿಂಗ್ ಮಾತ್ರ ಹೋಗಿದೆ."

ಆಮೇಲೆ ಸ್ಪಿಂಡಲ್ ಪಕ್ಕದ ಸೀಳಿಗೆ ಡ್ರಿಫ್ಟ್ ಅನ್ನೋ ಚಪ್ಪಟೆ ಬೆಣೆ ತೂರಿಸಿ, ಸುತ್ತಿಗೆಯಲ್ಲಿ ಒಂದೇಟು ತಟ್ಟಿದ್ರು. ಚಕ್ ಕಳಚಿ ಕೈಗೆ ಬಂತು. ಅದನ್ನ ಹಿಡಿದಿಟ್ಟಿದ್ದಕ್ಕೆ ಸ್ಕ್ರೂನೂ ಇಲ್ಲ, ಬೋಲ್ಟೂ ಇಲ್ಲ. ಬಾಲ ಮಾತ್ರ ಮೇಲಕ್ಕೆ ಹೋಗ್ತಾ ಸಣ್ಣಗಾಗುತ್ತೆ, ಸುಮಾರು 20 ಮಿ.ಮೀ. ಉದ್ದಕ್ಕೆ 1 ಮಿ.ಮೀ. ದಪ್ಪ ಕಮ್ಮಿ. ಆ ಇಳಿಜಾರಿನ ಘರ್ಷಣೆಯೇ ಅದನ್ನ ಹಿಡಿದಿಡುತ್ತೆ. ಇದರ ಹೆಸರು ಮೋರ್ಸ್ ಟೇಪರ್.

ಟೆಲಿಗ್ರಾಫ್‌ನ ಮೋರ್ಸ್ ಅಲ್ಲ, ಇವನು ಸ್ಟೀಫನ್ ಮೋರ್ಸ್. ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿದ್ದ 1863ರಲ್ಲಿ ಟ್ವಿಸ್ಟ್ ಡ್ರಿಲ್‌ಗೆ ಪೇಟೆಂಟ್ ಪಡೆದವನು. ಅದಕ್ಕೂ ಮೊದಲು ಹೆಚ್ಚಾಗಿ ಚಪ್ಪಟೆ ಬಿಟ್‌ನಲ್ಲಿ ಕೊರೀತಿದ್ರು, ಕೊರೆದ ಚೂರು ತೂತಲ್ಲೇ ಸಿಕ್ಕಿಕೊಳ್ತಿತ್ತು. ತಿರುಚಿದ ಬಿಟ್ ಚೂರನ್ನ ತಾನೇ ಮೇಲಕ್ಕೆ ತಳ್ಳುತ್ತೆ. 1864ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ಅವನ ಹೆಸರಿನ ಕಂಪನಿ ಶುರುವಾಯ್ತು. ಟೇಪರ್ ಅಳತೆ ಮಾತ್ರ ಆ ಕಂಪನಿಯೊಳಗೇ ಉಳೀಲಿಲ್ಲ, ಮುಂದೆ ಅಂತರರಾಷ್ಟ್ರೀಯ ಮಾನದಂಡವೇ ಆಯ್ತು.

ನಮ್ಮ ಕಡೆಗೆ ಬರೋಣ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್‌ಗಳಿಗೆ ಹೆಸರಾಯ್ತು. 1953ರಲ್ಲಿ ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ, ಸ್ವಿಟ್ಜರ್ಲೆಂಡ್‌ನ ಓರ್ಲಿಕಾನ್ ನೆರವಿನಿಂದ ಎಚ್‌ಎಂಟಿ ಬಂತು. ನಾವು ಎಚ್‌ಎಂಟಿ ಅಂದ್ರೆ ವಾಚ್ ಅಂದ್ಕೋತೀವಿ. ವಾಚ್ ಬಂದಿದ್ದು 1961ರಲ್ಲಿ, ಸಿಟಿಜನ್ ಜೊತೆ. ಮೊದಲ ಕೆಲಸ ಯಂತ್ರ ಮಾಡೋ ಯಂತ್ರಗಳನ್ನ ಮಾಡೋದು, ಅಂದ್ರೆ ತಾಯಿ ಯಂತ್ರಗಳು. ಅಮೆರಿಕದವನ ಟೇಪರ್, ಸ್ವಿಸ್ ತಂತ್ರಜ್ಞಾನ, ಕನ್ನಡದವರ ಕೈ, ಎಲ್ಲಕ್ಕೂ ಅಳತೆ ಒಂದೇ.

ಗುಜರಿ ತೂಕಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ಮಷೀನ್ ಮನೆಗೆ ತಂದೆ. ಬಿಚ್ಚಿದಾಗ ಬೇರಿಂಗ್ ಮೇಲೆ 6205 ಅಂತಿತ್ತು. ಕೊನೆಯ 05 ಅನ್ನ 5ರಿಂದ ಗುಣಿಸಿದ್ರೆ 25, ಅಂದ್ರೆ ಒಳಗಿನ ತೂತು 25 ಮಿ.ಮೀ. ಅಂಗಡಿಯವರು ಯಾವ ಮಷೀನ್, ಯಾವ ಇಸವಿ ಅಂತ ಏನೂ ಕೇಳಲಿಲ್ಲ. ನಂಬರ್ ಕೇಳಿದ್ರು, ಡಬ್ಬಿ ಕೊಟ್ರು. ನಾಲ್ಕು ವರ್ಷದ ನನ್ನ ಫೋನ್‌ಗೆ ಬ್ಯಾಟರಿ ಸಿಗದೆ ಅಲೆದಿದ್ದು ಅಲ್ಲೇ ನೆನಪಾಯ್ತು.

ತುಕ್ಕು ಹಿಡಿದ ಟೇಬಲ್‌ಗೆ ಸೀಮೆಎಣ್ಣೆ ಹಾಕಿ ಉಜ್ಜಿದೆ. ಮೋಟರ್ ತ್ರೀ ಫೇಸ್, ನಮ್ಮನೇಲಿರೋದು ಸಿಂಗಲ್ ಫೇಸ್. ಅದಕ್ಕೆ ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಮೋಟರ್ ಹಾಕಿಸಿದೆ. ಖರ್ಚಲ್ಲಿ ದೊಡ್ಡದು ಅದೇ. ಹಳೇದು ಕೊಳ್ಳೋರು ಮೊದಲು ಮೋಟರ್ ನೋಡಿ. ಓಡಿಸುವಾಗ ಕೈಗೆ ಗ್ಲೌಸ್ ಬೇಡ, ಬಿಟ್‌ಗೆ ಸಿಕ್ರೆ ಕೈಯನ್ನೂ ಎಳ್ಕೊಳುತ್ತೆ.

ಸ್ವಿಚ್ ಹಾಕಿದ ದಿನ ಯಜಮಾನ್ರಿಗೆ ಫೋನ್ ಮಾಡಿ, ಫೋನನ್ನ ಮಷೀನ್ ಹತ್ರ ಹಿಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ ಆಯ್ತೇನೋ ಅಂದ್ಕೊಂಡೆ.

"ಬೆಲ್ಟ್ ಬಿಗಿ ಜಾಸ್ತಿ ಆಗಿದೆ," ಅಂದ್ರು. "ಸ್ವಲ್ಪ ಸಡಿಲ ಮಾಡು. ಇಲ್ಲಾಂದ್ರೆ ಹೊಸ ಬೇರಿಂಗೂ ತಿನ್ನುತ್ತೆ."

ಸಡಿಲ ಮಾಡಿದೆ. ಸದ್ದು ಇಳೀತು. ಆ ಕಿವಿಯ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಶೆಡ್ ಜೊತೆ ಅದೂ ಮುಚ್ಚಿ ಹೋಗೋ ಮುಂಚೆ, ನಿಮ್ಮೂರಿನ ಹಳೇ ವರ್ಕ್‌ಶಾಪ್‌ಗೆ ಒಂದ್ಸಲ ಹೋಗಿ ಕೂತು ಕೇಳಿ.