796 ಟ್ರೈ, ಆದರೆ ದೇಶದ ಅಂಗಿ ಇಲ್ಲ

ರಗ್ಬಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಮೊಟ್ಟೆಯಾಕಾರದ ಚೆಂಡು, ಕೆಸರು, ಒಬ್ಬರ ಮೇಲೊಬ್ಬರು ಬೀಳುವ ದಾಂಡಿಗರು, ಅಷ್ಟೇ. ನನಗೂ ಈ ಆಟದ ಹುಚ್ಚೇನಿಲ್ಲ. ಆದರೆ ಇದರ ಇತಿಹಾಸ ಓದುವಾಗ ಒಂದು ಸಂಖ್ಯೆ ನನ್ನನ್ನು ಹಿಡಿದು ನಿಲ್ಲಿಸಿತು: 796. ಬ್ರಯಾನ್ ಬೆವನ್ ಎಂಬ ಆಟಗಾರ ಹೊಡೆದ ಟ್ರೈಗಳ ಲೆಕ್ಕ ಇದು. ಎರಡನೇ ಸ್ಥಾನದಲ್ಲಿರುವ ಬಿಲ್ಲಿ ಬಾಸ್ಟನ್ ಹೊಡೆದದ್ದು 571. ಅಂತರ ನೋಡಿದಿರಾ?

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿಯಲ್ಲಿ ಎರಡು ಬಗೆ, ಯೂನಿಯನ್ ಮತ್ತು ಲೀಗ್. ಇವು ಬೇರೆಯಾಗಿದ್ದು ಕೂಲಿಯ ಜಗಳದಿಂದ. ಉತ್ತರ ಇಂಗ್ಲೆಂಡಿನ ಆಟಗಾರರಲ್ಲಿ ಬಹಳಷ್ಟು ಮಂದಿ ಗಣಿ, ಗಿರಣಿ ಕೆಲಸಗಾರರು. ಶನಿವಾರ ಆಡಲು ಹೋದರೆ ಆ ಹೊತ್ತಿನ ಸಂಬಳ ಖೋತಾ. ಅದನ್ನು ತುಂಬಿಕೊಡೋಣ ಅಂತ ಅಲ್ಲಿನ ಕ್ಲಬ್ಬುಗಳು ಕೇಳಿದವು. ದುಡ್ಡು ಕೊಟ್ಟರೆ ಆಟ ಕೆಡುತ್ತದೆ ಅಂತ ಯೂನಿಯನ್ನಿನ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಉತ್ತರದ ಕ್ಲಬ್ಬುಗಳು ಬೇರೆಯಾದವು. ಅದೇ ಮುಂದೆ 13 ಜನರ ರಗ್ಬಿ ಲೀಗ್ ಆಯಿತು. ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ. ಬೆವನ್ ಕಾಲದಲ್ಲಿ ಅದಕ್ಕೆ 3 ಅಂಕ.

ಆಟಕ್ಕೆ ದುಡ್ಡು ಸಿಗುವ ಕಡೆ ದೂರದ ಆಟಗಾರರೂ ಬರುತ್ತಾರೆ. ಬೆವನ್ ಕೂಡ ಹಾಗೆ ಬಂದವನೇ. 1924ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಈತ ಅಲ್ಲಿನ ಈಸ್ಟರ್ನ್ ಸಬರ್ಬ್ಸ್ ಕ್ಲಬ್ಬಿಗೆ ಬೆರಳೆಣಿಕೆಯ ಪಂದ್ಯ ಆಡಿದ್ದ. ಯುದ್ಧಕಾಲದಲ್ಲಿ ನೌಕಾಪಡೆ ಸೇರಿದ. ಆತನಿದ್ದ 'ಆಸ್ಟ್ರೇಲಿಯಾ' ಎಂಬ ಯುದ್ಧನೌಕೆ 1945ರಲ್ಲಿ ರಿಪೇರಿಗೆಂದು ಇಂಗ್ಲೆಂಡಿಗೆ ಬಂತು. ಸಿಕ್ಕ ಬಿಡುವಿನಲ್ಲಿ ಹೋಗಿ ಕ್ಲಬ್ಬುಗಳ ಬಾಗಿಲು ತಟ್ಟಿದ. ಲೀಡ್ಸ್ ಕ್ಲಬ್ಬು ಬೇಡ ಅಂದಿತು. ಸಣಕಲು ಮೈ, ಆಗಲೇ ಕೂದಲು ಉದುರುತ್ತಿದ್ದ ತಲೆ. ಯಾರು ತಾನೇ ಇವನೊಬ್ಬ ಆಟಗಾರ ಅಂದಾರು?

ವಾರಿಂಗ್ಟನ್ ಅಂದಿತು. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ, ತಂತಿ ತಯಾರಿಕೆಗೆ ಹೆಸರಾದ ಊರು ಅದು. ತಂಡದ ಅಡ್ಡಹೆಸರೇ 'ದಿ ವೈರ್'. 1946ರಲ್ಲಿ ನೌಕಾಪಡೆಯಿಂದ ಬಿಡುಗಡೆಯಾಗಿ ವಾಪಸು ಬಂದ ಬೆವನ್, 1946-47ರ ಒಂದೇ ಸೀಸನ್ನಿನಲ್ಲಿ 48 ಟ್ರೈ ಹೊಡೆದ. ಆಮೇಲೆ ನಿಲ್ಲಲೇ ಇಲ್ಲ. ಮಂಡಿಗೆಲ್ಲ ಬ್ಯಾಂಡೇಜು ಸುತ್ತಿಕೊಂಡು ರೆಕ್ಕೆಯಂಚಿನಲ್ಲಿ ನಿಲ್ಲುತ್ತಿದ್ದ ಈ ಬೋಳು ತಲೆಯವನ ಕೈಗೆ ಚೆಂಡು ಸಿಕ್ಕರೆ ಹಿಡಿಯುವವರಿರಲಿಲ್ಲ. 1962ರವರೆಗೆ ವಾರಿಂಗ್ಟನ್ನಿಗೆ 620 ಪಂದ್ಯ, 740 ಟ್ರೈ. ಪಂದ್ಯಕ್ಕೆ ಒಂದಕ್ಕಿಂತ ಹೆಚ್ಚು! 1954ರ ಚಾಲೆಂಜ್ ಕಪ್ ಫೈನಲ್ ವೆಂಬ್ಲಿಯಲ್ಲಿ 4-4 ಸಮನಾಗಿ, ಬ್ರಾಡ್‌ಫರ್ಡಿನ ಓಡ್ಸಲ್ ಮೈದಾನದಲ್ಲಿ ಮತ್ತೆ ನಡೆಯಿತು. ಲೆಕ್ಕಕ್ಕೆ ಸಿಕ್ಕ ಪ್ರೇಕ್ಷಕರೇ 1,02,569. ವಾರಿಂಗ್ಟನ್ 8-4ರಿಂದ ಹ್ಯಾಲಿಫ್ಯಾಕ್ಸನ್ನು ಸೋಲಿಸಿತು. ಆ ತಂಡದಲ್ಲೂ ಬೆವನ್ ಇದ್ದ.

ಇಷ್ಟೆಲ್ಲ ಆಡಿದವನು ಆಸ್ಟ್ರೇಲಿಯಾ ಪರ ಎಷ್ಟು ಪಂದ್ಯ ಆಡಿರಬಹುದು? ಸೊನ್ನೆ.

ಆಗ ಆಸ್ಟ್ರೇಲಿಯಾ ತಂಡಕ್ಕೆ ಆಯ್ಕೆಯಾಗುತ್ತಿದ್ದವರು ತವರಿನಲ್ಲೇ ಆಡುತ್ತಿದ್ದವರು. ಕಡಲು ದಾಟಿದವನು ಲೆಕ್ಕದಿಂದಲೂ ದಾಟಿಹೋದ ಹಾಗೆ. 1952ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿಗೆ ಬಂದು ಟೆಸ್ಟ್ ಸರಣಿಯನ್ನು 2-1ರಿಂದ ಸೋತಿತು. ಅದೇ ಸೀಸನ್ನಿನಲ್ಲಿ, ಅದೇ ನಾಡಿನಲ್ಲಿ, ಬೆವನ್ 72 ಟ್ರೈ ಹೊಡೆದ. ಅವರಿಗೆ ಬೇಕಾದವನು ಕೂಗಳತೆಯಲ್ಲೇ ಇದ್ದ, ಕರೆಯುವಂತಿರಲಿಲ್ಲ. ಆತನಿಗೆ ಸಿಕ್ಕಿದ್ದು 'ಅದರ್ ನ್ಯಾಷನಾಲಿಟೀಸ್' ಎಂಬ ತಂಡದ ಅಂಗಿ. ಇಂಗ್ಲೆಂಡಿನಲ್ಲಿ ಆಡುತ್ತಿದ್ದ ಬೇರೆ ಬೇರೆ ದೇಶದವರನ್ನು ಕೂಡಿಸಿ ಕಟ್ಟಿದ ತಂಡವದು. ಹೆಸರಿನಲ್ಲೇ ಇದೆಯಲ್ಲ, 'ಇತರರು'.

ಮುಂದೆ ಮನ್ನಣೆ ಬಂತು. ವಾರಿಂಗ್ಟನ್ನಿನಲ್ಲಿ ಪ್ರತಿಮೆ ನಿಲ್ಲಿಸಿದರು. 1995ರಲ್ಲಿ, ರಗ್ಬಿ ಲೀಗಿಗೆ ನೂರು ತುಂಬಿದಾಗ, ಬ್ರಿಟನ್ ತನ್ನ ಅಂಚೆಚೀಟಿಯ ಮೇಲೆ ಈ ಆಸ್ಟ್ರೇಲಿಯದವನ ಚಿತ್ರ ಹಾಕಿತು. ಕೊನೆಗೆ 2008ರಲ್ಲಿ ಆಸ್ಟ್ರೇಲಿಯಾ ತನ್ನ ಶತಮಾನದ ತಂಡ ಪ್ರಕಟಿಸಿದಾಗ ರೆಕ್ಕೆಯಂಚಿನ ಒಂದು ಸ್ಥಾನವನ್ನು ಬೆವನ್ನನಿಗೆ ಕೊಟ್ಟಿತು. ದೇಶದ ಪರ ಒಂದೂ ಪಂದ್ಯ ಆಡದೆ ಆ ತಂಡದಲ್ಲಿರುವವನು ಇವನೊಬ್ಬನೇ.

ಬೆವನ್ ತೀರಿಕೊಂಡಿದ್ದು 1991ರಲ್ಲಿ, ಇಂಗ್ಲೆಂಡಿನ ಸೌತ್‌ಪೋರ್ಟಿನಲ್ಲಿ. ಅಂದರೆ ತವರಿನ ತಂಡಕ್ಕೆ ಆಯ್ಕೆಯಾಗಿದ್ದು ಸತ್ತು 17 ವರ್ಷದ ಮೇಲೆ. ಊರು ಬಿಟ್ಟವನನ್ನು ಊರು ಒಂದು ದಿನ ನಮ್ಮವನು ಅಂತ ಕರೆಯಬಹುದು ನಿಜ. ಆದರೆ ಕಾಗದದ ಮೇಲಿನ ಆ ತಂಡಕ್ಕೆ ಆಡಲು ಒಂದೂ ಪಂದ್ಯವಿಲ್ಲ. 1952ರಲ್ಲಿ ಇತ್ತು.